ಕೈಬಿಟ್ಟಲ್ಲಿಂದಲೇ ಮುಂದಕ್ಕೆ: ಪ್ರತಿ ಕೆಲಸಕ್ಕೂ ಕರ್ನಲ್ ಇಡುವ ಎರಡು ಲೆಕ್ಕಗಳು

ಪಿಯುಸಿ ಫಲಿತಾಂಶ ಬಂದ ಮೇಲೆ ಕೆಲವು ವಾರ ದಾವಣಗೆರೆಯ ಸೈಬರ್ ಸೆಂಟರ್‌ಗಳಲ್ಲಿ ಕೂರಲು ಜಾಗ ಸಿಗುವುದಿಲ್ಲ. ಜಾತಿ ಮತ್ತು ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಕಾಲೇಜು ಪ್ರವೇಶ, ನಡುವೆ ಯಾರದ್ದೋ ಪಹಣಿ, ಎಲ್ಲವೂ ಒಂದೇ ಕಂಪ್ಯೂಟರಿನ ಮುಂದೆ ಬಂದು ನಿಲ್ಲುತ್ತವೆ. ಹದಡಿ ರಸ್ತೆಯ ಅಂಥದ್ದೊಂದು ಅಂಗಡಿಯಲ್ಲಿ ನಾನು ಸರದಿಗೆ ಕಾಯುತ್ತಿದ್ದಾಗ, ಮಗಳ ಅರ್ಜಿ ಮುಕ್ಕಾಲು ತುಂಬಿ ತೆರೆಯಿಂದ ಮಾಯವಾದದ್ದನ್ನು ಕಂಡ ತಂದೆಯೊಬ್ಬರು ಆಪರೇಟರ್ ಹುಡುಗನನ್ನು ಕೇಳಿದರು: "ಅಲ್ಲಪ್ಪಾ, ಹತ್ತು ಜನರ ಅರ್ಜಿ ಒಟ್ಟಿಗೇ ತೆರೆದಿಟ್ಟಿದ್ದೀಯ. ಯಾರದ್ದು ಎಲ್ಲಿಗೆ ನಿಂತಿತ್ತು ಅಂತ ಅದಕ್ಕೆ ಹೆಂಗೆ ಗೊತ್ತಾಗುತ್ತೆ? ಗೊತ್ತಾಗೋದಾದ್ರೆ ನಮ್ಮದ್ಯಾಕೆ ಹೋಯ್ತು?" ಹುಡುಗನ ಬಳಿ ಉತ್ತರವಿರಲಿಲ್ಲ. ಮನೆಗೆ ಬಂದರೆ ಅದೇ ಜಾತಿಯ ಇನ್ನೊಂದು ಪ್ರಶ್ನೆ: ಯಾವ ಆ್ಯಪ್ ಎಷ್ಟು ಹೊತ್ತು ನಡೆಯಿತು, ಎಷ್ಟು ಬ್ಯಾಟರಿ ತಿಂದಿತು ಎಂದು ಫೋನು ತೋರಿಸುತ್ತದಲ್ಲ, ಅದನ್ನು ಒಳಗೆ ಕೂತು ಎಣಿಸುವವರು ಯಾರು?

ಎರಡಕ್ಕೂ ಉತ್ತರ ಹುಡುಕಬೇಕಾದ ಜಾಗ ಒಂದೇ. ಅದಕ್ಕೆ ಕರ್ನಲ್ ಎಂದು ಹೆಸರು. ಕಂಪ್ಯೂಟರಿನಲ್ಲಿ ನಡೆಯುವ ಪ್ರತಿಯೊಂದು ಕೆಲಸದ ಹೆಸರಿನಲ್ಲೂ ಕರ್ನಲ್ ಎರಡು ಲೆಕ್ಕ ಇಡುತ್ತದೆ. ಆ ಕೆಲಸ ಎಲ್ಲಿಗೆ ನಿಂತಿತ್ತು ಎಂಬುದು ಒಂದು, ಎಷ್ಟು ಹೊತ್ತು ನಡೆಯಿತು ಎಂಬುದು ಇನ್ನೊಂದು. ಕೆಲಸದಿಂದ ಕೆಲಸಕ್ಕೆ ಕೈ ಬದಲಾಗುವ ಒಂದೇ ಗಳಿಗೆಯಲ್ಲಿ ಎರಡೂ ಲೆಕ್ಕ ಸರಿಯಾಗಬೇಕು. ಆ ಗಳಿಗೆಯಲ್ಲಿ ಏನಾಗುತ್ತದೆ ಎಂಬುದೇ ಈ ಲೇಖನದ ವಿಷಯ.

ಕರ್ನಲ್ ಎಲ್ಲಿ ಕೂತಿರುತ್ತದೆ

ವಿಂಡೋಸ್, ಆಂಡ್ರಾಯ್ಡ್, ಲಿನಕ್ಸ್ ಇವೆಲ್ಲ ಆಪರೇಟಿಂಗ್ ಸಿಸ್ಟಮ್‌ಗಳು, ಅಂದರೆ ಯಂತ್ರಕ್ಕೂ ನಾವು ಬಳಸುವ ಆ್ಯಪ್‌ಗಳಿಗೂ ನಡುವೆ ನಿಂತು ಯಂತ್ರವನ್ನು ನಡೆಸುವ ವ್ಯವಸ್ಥೆಗಳು. ಅದರ ತಿರುಳಿನ ಭಾಗವೇ ಕರ್ನಲ್. ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆಯಲು ತೊಡಗಿದ ಲಿನಕ್ಸ್ ಕರ್ನಲ್ ಇಂದು ಪ್ರತಿ ಆಂಡ್ರಾಯ್ಡ್ ಫೋನಿನ ಒಳಗೂ ಇದೆ. ಅದನ್ನು ಯಾರು ಬೇಕಾದರೂ ತೆರೆದು ಓದಬಹುದಾದ್ದರಿಂದ ಇಲ್ಲಿನ ಉದಾಹರಣೆಗಳನ್ನು ಹೆಚ್ಚಾಗಿ ಅದರಿಂದಲೇ ತೆಗೆದುಕೊಂಡಿದ್ದೇನೆ.

ಚಿತ್ರದುರ್ಗದ ಏಳುಸುತ್ತಿನ ಕೋಟೆಯನ್ನು ಹತ್ತಿದವರಿಗೆ ಕರ್ನಲ್‌ನ ಸ್ಥಾನವನ್ನು ವಿವರಿಸುವುದು ಸುಲಭ. ಹೊರಸುತ್ತಿನಲ್ಲಿರುವವರು ನಿಗದಿಯಾದ ಬಾಗಿಲನ್ನು ದಾಟದೆ ಒಳಸುತ್ತಿಗೆ ಬರುವಂತಿಲ್ಲ. ಇಂಟೆಲ್ ಮಾದರಿಯ ಪ್ರೊಸೆಸರ್‌ಗಳಲ್ಲಿ ಇಂಥ ನಾಲ್ಕು ಸುತ್ತುಗಳ ಏರ್ಪಾಡಿದೆಯಾದರೂ ಲಿನಕ್ಸ್ ಮತ್ತು ವಿಂಡೋಸ್ ಎರಡನ್ನೇ ಬಳಸುತ್ತವೆ: ಎಲ್ಲಕ್ಕಿಂತ ಒಳಗೆ ಕರ್ನಲ್, ಎಲ್ಲಕ್ಕಿಂತ ಹೊರಗೆ ನಮ್ಮ ಬ್ರೌಸರ್, ಆಟ, ಲೆಕ್ಕದ ಹಾಳೆ. ಹೊರಗಿರುವ ಯಾವುದಕ್ಕೂ ಡಿಸ್ಕನ್ನಾಗಲಿ ನೆಟ್‌ವರ್ಕನ್ನಾಗಲಿ ಇನ್ನೊಂದು ಆ್ಯಪ್‌ನ ಮೆಮೊರಿಯನ್ನಾಗಲಿ ನೇರವಾಗಿ ಮುಟ್ಟುವ ಅಧಿಕಾರವಿಲ್ಲ, ಕರ್ನಲ್ಲನ್ನು ಕೇಳಿಯೇ ಪಡೆಯಬೇಕು. ಕೋಟೆ ಎಂದ ಮೇಲೆ ಓಬವ್ವನ ಕಿಂಡಿಯಂಥ ಕಿಂಡಿಗಳೂ ಇರುತ್ತವೆ, ಆ ಮಾತು ಮುಂದೆ ಬರುತ್ತದೆ.

ಹೀಗೆ ಹೊರಸುತ್ತಿನಲ್ಲಿ ನಡೆಯುವ ಒಂದೊಂದು ಕೆಲಸಕ್ಕೂ ಕರ್ನಲ್‌ನ ಭಾಷೆಯಲ್ಲಿ ಟಾಸ್ಕ್ ಎನ್ನುತ್ತಾರೆ. ಪ್ರತಿ ಟಾಸ್ಕ್‌ಗೂ ಕರ್ನಲ್ ತನ್ನ ಮೆಮೊರಿಯಲ್ಲಿ ಒಂದು ದಾಖಲೆ ತೆರೆದಿಡುತ್ತದೆ. ಲಿನಕ್ಸ್‌ನಲ್ಲಿ ಅದರ ಹೆಸರು ಟಾಸ್ಕ್ ಸ್ಟ್ರಕ್ಟ್. ತಾಲ್ಲೂಕು ಕಚೇರಿಯಲ್ಲಿ ಪ್ರತಿ ಅರ್ಜಿಗೂ ಒಂದು ಕಡತ ಇರುವ ಹಾಗೆ ಇದು.

ಒಬ್ಬ ಆಪರೇಟರ್, ಹತ್ತು ಅರ್ಜಿ

ಪ್ರೊಸೆಸರಿನ ಒಂದು ಕೋರ್, ಅಂದರೆ ಆದೇಶಗಳನ್ನು ಓದಿ ನಡೆಸುವ ಅದರ ಒಂದು ಘಟಕ, ಒಂದು ಗಳಿಗೆಯಲ್ಲಿ ಒಂದೇ ಟಾಸ್ಕನ್ನು ನಡೆಸುತ್ತದೆ. ಫೋನಿನಲ್ಲಿ ಎಂಟು ಕೋರ್ ಇದ್ದರೂ ಟಾಸ್ಕ್‌ಗಳು ನೂರಾರು ಇರುತ್ತವೆ, ಆದ್ದರಿಂದ ಹಂಚಿಕೆ ತಪ್ಪದು. ಎಲ್ಲವೂ ಏಕಕಾಲಕ್ಕೆ ನಡೆಯುತ್ತಿವೆ ಎಂದು ನಮಗೆ ಕಾಣುವುದು, ಸರದಿ ನಮ್ಮ ಕಣ್ಣಿಗೆ ಸಿಗದಷ್ಟು ಬೇಗ ತಿರುಗುವುದರಿಂದ.

ಸೈಬರ್ ಸೆಂಟರಿನ ಹುಡುಗ ಮಾಡುವುದೂ ಇದನ್ನೇ. ಮೊದಲನೆಯವರ ಅರ್ಜಿ ತುಂಬಿ ಓಟಿಪಿ ಕಳಿಸುತ್ತಾನೆ. ಅವರ ಫೋನು ಊರಿನಲ್ಲಿರುವ ಮಗನ ಕೈಯಲ್ಲಿರುತ್ತದೆ. ಅವರು ಮಗನಿಗೆ ಕರೆ ಮಾಡಿ ಅಂಕಿ ಕೇಳುವಷ್ಟರಲ್ಲಿ ಹುಡುಗ ಆ ಕಿಟಕಿಯನ್ನು ಕೆಳಗಿಳಿಸಿ ಎರಡನೆಯವರ ಫೋಟೊ ಸ್ಕ್ಯಾನ್ ಮಾಡುತ್ತಾನೆ. ಓಟಿಪಿ ಬಂತು ಎಂದು ಮೊದಲನೆಯವರು ಕೂಗಿದಾಗ ಮತ್ತೆ ಅಲ್ಲಿಗೆ ಬರುತ್ತಾನೆ. ಕರ್ನಲ್‌ನ ಮಾತಿನಲ್ಲಿ ಮೊದಲನೆಯ ಟಾಸ್ಕ್ ನಿದ್ರೆಗೆ ಹೋಗಿತ್ತು, ಕಾಯುತ್ತಿದ್ದುದು ಸಿಕ್ಕಿದ ಮೇಲೆ ಎಚ್ಚರವಾಯಿತು. ಕಂಪ್ಯೂಟರಿನ ಹೆಚ್ಚಿನ ಟಾಸ್ಕ್‌ಗಳು ತಮ್ಮ ಆಯುಷ್ಯದ ಬಹುಪಾಲನ್ನು ಹೀಗೆ ನಿದ್ರೆಯಲ್ಲೇ ಕಳೆಯುತ್ತವೆ: ಕೀಲಿ ಒತ್ತಲಿ ಎಂದು, ಡಿಸ್ಕಿನಿಂದ ಮಾಹಿತಿ ಬರಲಿ ಎಂದು, ಸರ್ವರ್ ಉತ್ತರಿಸಲಿ ಎಂದು.

ಒಂದೇ ಯಂತ್ರವನ್ನು ಹೀಗೆ ಹಲವರಿಗೆ ಹಂಚುವ ಉಪಾಯವನ್ನು ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕಾರ್ಬಟೊ ಅವರ ತಂಡ 1961ರ ನವೆಂಬರ್‌ನಲ್ಲಿ ನಡೆಸಿ ತೋರಿಸಿತು. ಆಗ ಮೆಮೊರಿ ಎಷ್ಟು ಕಡಿಮೆಯಿತ್ತೆಂದರೆ, ಒಬ್ಬರ ಸರದಿ ಮುಗಿದಾಗ ಅವರ ಮೆಮೊರಿಯಲ್ಲಿದ್ದುದನ್ನೆಲ್ಲ ಟೇಪಿಗೆ ಸಾಗಿಸಿ ಇನ್ನೊಬ್ಬರದ್ದನ್ನು ಒಳತರಬೇಕಿತ್ತು.

ಗಂಟೆ ಬಾರಿಸುವವರು ಬೇರೆ

ಇಲ್ಲಿ ಹೆಚ್ಚಿನವರು ಗಮನಿಸದ ಒಂದು ಸಂಗತಿಯಿದೆ. ಆ್ಯಪ್ ನಡೆಯುತ್ತಿರುವಾಗ ಆ ಕೋರ್‌ನಲ್ಲಿ ಕರ್ನಲ್ ನಡೆಯುತ್ತಿರುವುದಿಲ್ಲ. ಕರ್ನಲ್ ಪಕ್ಕದಲ್ಲಿ ನಿಂತು ನೋಡುತ್ತಿರುವ ಮೇಸ್ತ್ರಿ ಎಂದು ಕಲ್ಪಿಸಿಕೊಂಡರೆ ತಪ್ಪಾಗುತ್ತದೆ. ಅದೂ ಆದೇಶಗಳ ಒಂದು ಸರಣಿಯೇ, ಪ್ರೊಸೆಸರ್ ಅದನ್ನು ಓದಿದಾಗ ಮಾತ್ರ ಅದಕ್ಕೆ ಜೀವ. ಹಾಗಿದ್ದರೆ ಎಂದೂ ಮುಗಿಯದ ಲೆಕ್ಕದಲ್ಲಿ ಸಿಕ್ಕಿಕೊಂಡ ಆ್ಯಪ್‌ನಿಂದ ಪ್ರೊಸೆಸರನ್ನು ಬಿಡಿಸಿಕೊಳ್ಳುವುದು ಹೇಗೆ?

ಅದಕ್ಕಾಗಿ ಯಂತ್ರದಲ್ಲೇ ಪ್ರತ್ಯೇಕವಾದ ಟೈಮರ್ ಇರುತ್ತದೆ. ಹಳೆಯ ಪಿಸಿಗಳಲ್ಲಿ ಅದು ಇಂಟೆಲ್‌ನ 8253 ಎಂಬ ಚಿಪ್ ಆಗಿತ್ತು, ಸೆಕೆಂಡಿಗೆ ಸುಮಾರು 11,93,182 ಬಾರಿ ಮಿಡಿಯುವ ಅಲೆಯನ್ನು ಎಣಿಸಿ, ಹೇಳಿದಷ್ಟು ಎಣಿಕೆ ಮುಗಿದ ಕೂಡಲೇ ಪ್ರೊಸೆಸರಿಗೆ ಸಂಕೇತ ಕಳಿಸುತ್ತಿತ್ತು. ಈಗ ಪ್ರತಿ ಕೋರ್‌ಗೂ ತನ್ನದೇ ಟೈಮರ್ ಇದೆ. ಈ ಸಂಕೇತಕ್ಕೆ ಇಂಟರಪ್ಟ್ ಎನ್ನುತ್ತಾರೆ. ಶಾಲೆಯ ಗಂಟೆ ಬಾರಿಸಿದಾಗ ಮೇಷ್ಟರು ವಾಕ್ಯದ ನಡುವೆಯೇ ನಿಲ್ಲಿಸುವಂತೆ, ಇಂಟರಪ್ಟ್ ಬಂದಾಗ ಪ್ರೊಸೆಸರ್ ಕೈಯಲ್ಲಿದ್ದ ಆದೇಶದವರೆಗೆ ಮುಗಿಸಿ, ಮೊದಲೇ ಗೊತ್ತುಪಡಿಸಿದ ಬಾಗಿಲಿನಿಂದ ಕರ್ನಲ್‌ನೊಳಕ್ಕೆ ಜಿಗಿಯುತ್ತದೆ. ಆ್ಯಪ್‌ನ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ.

ಗಂಟೆ ಬಾರಿಸಿದೊಡನೆ ಕೆಲಸ ಬದಲಾಗಲೇಬೇಕೆಂದೂ ಇಲ್ಲ. ಕರ್ನಲ್ ಮೊದಲು ಲೆಕ್ಕ ನೋಡುತ್ತದೆ, ಈಗಿನ ಟಾಸ್ಕ್‌ನ ಪಾಲು ಮುಗಿದಿದ್ದರೆ "ಇನ್ನು ಬದಲಿಸಬೇಕು" ಎಂಬ ಒಂದು ಗುರುತನ್ನಷ್ಟೇ ಹಾಕುತ್ತದೆ. ಇಂಟರಪ್ಟ್‌ನ ಕೆಲಸ ಮುಗಿಸಿ ಹೊರಡುವ ಬಾಗಿಲಿನಲ್ಲಿ ಆ ಗುರುತು ಕಂಡರೆ ಆಗ ಬದಲಾವಣೆ ನಡೆಯುತ್ತದೆ. ಇದಕ್ಕೆ ಕಾಂಟೆಕ್ಸ್ಟ್ ಸ್ವಿಚ್ ಎಂದು ಹೆಸರು.

ಚೀಟಿಯಲ್ಲಿ ಏನೇನು ಬರೆಯಬೇಕು

ಅರ್ಜಿಯೊಂದನ್ನು ನಡುವೆ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಆಪರೇಟರ್ ಎಲ್ಲವನ್ನೂ ನಕಲು ಮಾಡಿಟ್ಟುಕೊಳ್ಳುವುದಿಲ್ಲ. ಕಾಗದಪತ್ರಗಳು ಆಯಾ ಗಿರಾಕಿಯ ಪ್ಲಾಸ್ಟಿಕ್ ಕವರಿನಲ್ಲೇ ಇರುತ್ತವೆ. ತನ್ನ ತಲೆಯಲ್ಲಿ ಮಾತ್ರ ಇರುವುದನ್ನು, ಉದಾಹರಣೆಗೆ ಎಷ್ಟನೆಯ ಕಾಲಂ ನಡೆದಿತ್ತು, ಅಂಕಗಳನ್ನು ಕೂಡಿಸುತ್ತ ಯಾವ ಮೊತ್ತಕ್ಕೆ ಬಂದಿದ್ದೆ ಎಂಬುದನ್ನು, ಚೀಟಿಯಲ್ಲಿ ಗೀಚಿಟ್ಟರೆ ಸಾಕು.

ಪ್ರೊಸೆಸರಿನ ತಲೆ ಎಂದರೆ ರಿಜಿಸ್ಟರ್‌ಗಳು. ಕೂಡುವ, ಕಳೆಯುವ, ಹೋಲಿಸುವ ಕೆಲಸವೆಲ್ಲ ನಡೆಯುವುದು ಈ ಪುಟ್ಟ ಗೂಡುಗಳಲ್ಲಿ. ಇಂದಿನ 64 ಬಿಟ್ ಇಂಟೆಲ್ ಮಾದರಿಯ ಪ್ರೊಸೆಸರಿನಲ್ಲಿ ಸಾಮಾನ್ಯ ಬಳಕೆಯ ರಿಜಿಸ್ಟರ್‌ಗಳು 16, ಒಂದೊಂದರ ಅಳತೆ 8 ಬೈಟ್. ಫೋನುಗಳಲ್ಲಿರುವ 64 ಬಿಟ್ ಆರ್ಮ್ ಪ್ರೊಸೆಸರಿನಲ್ಲಿ 31. ಟಾಸ್ಕ್ ಬದಲಾದ ಮೇಲೆ ಹೊಸ ಟಾಸ್ಕ್ ಇವೇ ಗೂಡುಗಳನ್ನು ಬಳಸುವುದರಿಂದ ಹಳೆಯದರ ಅಂಕಿಗಳು ಅಳಿಸಿಹೋಗುತ್ತವೆ. ಹಾಗಾಗಿ ಉಳಿಸಬೇಕಾದವುಗಳಲ್ಲಿ ಇವು ಮೊದಲು.

ಮುಂದೆ ಓದಬೇಕಾದ ಆದೇಶ ಯಾವ ವಿಳಾಸದಲ್ಲಿದೆ ಎಂದು ಹೇಳುವ ರಿಜಿಸ್ಟರ್ ಒಂದಿದೆ, ಪುಸ್ತಕದಲ್ಲಿ ಇಟ್ಟ ಗುರುತಿನ ಕಡ್ಡಿಯ ಹಾಗೆ. ಹಿಂದಿನ ಹೋಲಿಕೆಯ ಫಲಿತಾಂಶ ಸಮವೋ ಕಡಿಮೆಯೋ ಎಂಬುದನ್ನು ಹಿಡಿದಿಡುವ ಧ್ವಜಗಳು ಇನ್ನೊಂದರಲ್ಲಿವೆ. ಎರಡು ಅಂಕಿಗಳನ್ನು ಹೋಲಿಸಿ ಮುಗಿದು, ಫಲಿತಾಂಶ ನೋಡಿ ದಾರಿ ಆರಿಸುವ ಮೊದಲೇ ಗಂಟೆ ಬಾರಿಸಿದರೆ ಏನಾದೀತು ಎಂದು ಯೋಚಿಸಿದರೆ ಈ ಧ್ವಜಗಳ ಮಹತ್ವ ತಿಳಿಯುತ್ತದೆ. ಅವನ್ನು ಉಳಿಸದಿದ್ದರೆ ಆ್ಯಪ್ ಮರಳಿ ಬಂದಾಗ ಬೇರೆಯವರ ಹೋಲಿಕೆಯ ಫಲಿತಾಂಶ ನೋಡಿ ತಪ್ಪು ದಾರಿ ಹಿಡಿಯುತ್ತಿತ್ತು. ಅಂಥ ದೋಷ ದಿನಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ತಲೆಹಾಕುತ್ತಿತ್ತು, ಹುಡುಕಿ ಹಿಡಿಯುವುದು ಬಹಳ ಕಷ್ಟವಾಗುತ್ತಿತ್ತು.

ಇದರಲ್ಲಿ ಸ್ವಲ್ಪವನ್ನು ಪ್ರೊಸೆಸರ್ ತಾನೇ ಮಾಡುತ್ತದೆ. ಇಂಟರಪ್ಟ್ ಬಂದ ಕೂಡಲೇ ಆದೇಶದ ವಿಳಾಸ, ಧ್ವಜಗಳು, ಸ್ಟ್ಯಾಕ್ ಎಂಬ ರಾಶಿಯ (ಇದರ ಮಾತು ಮುಂದೆ ಬರುತ್ತದೆ) ತುದಿ ಸೇರಿ ಐದು ಸಂಗತಿಗಳನ್ನು ತಾನಾಗಿ ಬರೆದಿಡುತ್ತದೆ. ಉಳಿದ ರಿಜಿಸ್ಟರ್‌ಗಳನ್ನು ಕರ್ನಲ್ ಒಂದೊಂದಾಗಿ ಬರೆದಿಡುತ್ತದೆ. ಲಿನಕ್ಸ್‌ನಲ್ಲಿ ಹೀಗೆ ತಯಾರಾಗುವ ಚೀಟಿಯ ಅಳತೆ 168 ಬೈಟ್. ಈ ಲೇಖನದ ಒಂದು ಸಾಧಾರಣ ಸಾಲನ್ನು ಕಂಪ್ಯೂಟರಿನಲ್ಲಿ ಉಳಿಸಲು ಇದಕ್ಕಿಂತ ಹೆಚ್ಚು ಜಾಗ ಬೇಕು.

ದಶಮಾಂಶದ ಲೆಕ್ಕ ಮತ್ತು ಚಿತ್ರ, ವಿಡಿಯೊ ಕೆಲಸಕ್ಕೆಂದೇ ಇರುವ ರಿಜಿಸ್ಟರ್‌ಗಳ ಕಥೆ ಬೇರೆ. ಅವು ದೊಡ್ಡವು. ಕೆಲವು ಇಂಟೆಲ್ ಪ್ರೊಸೆಸರ್‌ಗಳಲ್ಲಿ 64 ಬೈಟ್ ಅಳತೆಯ 32 ಗೂಡುಗಳಿದ್ದು, ಅವಷ್ಟೇ 2,048 ಬೈಟ್ ಆಗುತ್ತವೆ. ಎಷ್ಟೋ ಟಾಸ್ಕ್‌ಗಳು ಇವನ್ನು ಮುಟ್ಟುವುದೇ ಇಲ್ಲವಾದ್ದರಿಂದ, ಬದಲಾವಣೆಯ ಹೊತ್ತಿನಲ್ಲಿ ಅವನ್ನು ಹಾಗೆಯೇ ಬಿಟ್ಟು, ಹೊಸ ಟಾಸ್ಕ್ ನಿಜವಾಗಿ ಬಳಸಲು ಹೋದಾಗ ಮಾತ್ರ ಹಳೆಯದನ್ನು ಉಳಿಸುವ ಸೋಮಾರಿ ಪದ್ಧತಿಯೊಂದು ಬಹುಕಾಲ ಚಾಲ್ತಿಯಲ್ಲಿತ್ತು. ಉಳಿತಾಯದ ಉಪಾಯವೇನೋ ಚೆನ್ನಾಗಿತ್ತು. ಆದರೆ ಹಿಂದಿನವರ ಅಂಕಿಗಳು ಗೂಡಿನಲ್ಲೇ ಇರುತ್ತಿದ್ದವು, ಇಂಟೆಲ್ ಪ್ರೊಸೆಸರ್‌ಗಳು ಮುಂದಿನ ಆದೇಶವನ್ನು ಊಹಿಸಿ ಮೊದಲೇ ನಡೆಸುವ ಅಭ್ಯಾಸವನ್ನು ಬಳಸಿಕೊಂಡು ಹೊಸ ಟಾಸ್ಕ್ ಆ ಅಂಕಿಗಳನ್ನು ಪರೋಕ್ಷವಾಗಿ ಕದ್ದು ನೋಡಬಹುದೆಂದು 2018ರ ಜೂನ್‌ನಲ್ಲಿ ಬಹಿರಂಗವಾಯಿತು. ಗುಪ್ತಲಿಪಿಯ ಕೀಲಿಗಳು ಇದೇ ಗೂಡುಗಳಲ್ಲಿ ಹಾದುಹೋಗುವುದರಿಂದ ಇದು ಸಣ್ಣ ಕಿಂಡಿಯಾಗಿರಲಿಲ್ಲ. ಲಿನಕ್ಸ್‌ನ ಹೊಸ ಆವೃತ್ತಿಗಳು ಅಷ್ಟರೊಳಗೆ ಸೋಮಾರಿ ಪದ್ಧತಿಯನ್ನು ಕೈಬಿಟ್ಟಿದ್ದವು, ಉಳಿದವು ಆಮೇಲೆ ಬಿಟ್ಟವು.

ಒಳಹೋದದ್ದು ಒಂದು, ಹೊರಬಂದದ್ದು ಇನ್ನೊಂದು

ಚೀಟಿ ಬರೆದಾಯಿತು. ಅದನ್ನು ಇಡುವುದೆಲ್ಲಿ? ಪ್ರತಿ ಟಾಸ್ಕ್‌ಗೂ ಕರ್ನಲ್‌ನ ಸುತ್ತಿನೊಳಗೆ ಒಂದು ಸಣ್ಣ ಜಾಗ ಮೀಸಲಿರುತ್ತದೆ, ಅದಕ್ಕೆ ಕರ್ನಲ್ ಸ್ಟ್ಯಾಕ್ ಎನ್ನುತ್ತಾರೆ. 64 ಬಿಟ್ ಇಂಟೆಲ್ ಯಂತ್ರಗಳ ಲಿನಕ್ಸ್‌ನಲ್ಲಿ ಅದು 16 ಕಿಲೋಬೈಟ್. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದಂತೆ, ಕೊನೆಗೆ ಇಟ್ಟದ್ದನ್ನು ಮೊದಲು ತೆಗೆಯುವ ಕ್ರಮದ ರಾಶಿ ಇದು. ರಾಶಿಯ ತುದಿ ಎಲ್ಲಿದೆ ಎಂದು ಹೇಳುವುದಕ್ಕೆ ಒಂದು ರಿಜಿಸ್ಟರ್ ಇದೆ.

ಇನ್ನು ಬದಲಾವಣೆಯ ಕೇಂದ್ರದಲ್ಲಿರುವ ಚಮತ್ಕಾರಕ್ಕೆ ಬರೋಣ. ಕರ್ನಲ್ ಹಳೆಯ ಟಾಸ್ಕ್‌ನ ಸ್ಟ್ಯಾಕಿನ ಮೇಲೆ ಇನ್ನು ಕೆಲವು ರಿಜಿಸ್ಟರ್‌ಗಳನ್ನು ಪೇರಿಸಿ, ಆ ರಾಶಿಯ ತುದಿಯ ವಿಳಾಸವನ್ನು ಹಳೆಯ ಟಾಸ್ಕ್‌ನ ಕಡತದಲ್ಲಿ ಬರೆಯುತ್ತದೆ. ಆಮೇಲೆ ಹೊಸ ಟಾಸ್ಕ್‌ನ ಕಡತದಲ್ಲಿರುವ ತುದಿಯ ವಿಳಾಸವನ್ನು ರಿಜಿಸ್ಟರಿಗೆ ತುಂಬುತ್ತದೆ. ಆ ಒಂದು ಆದೇಶದಲ್ಲಿ ಕಾಲಡಿಯ ನೆಲ ಬದಲಾಗಿಬಿಡುತ್ತದೆ. ಈಗ ರಾಶಿಯಿಂದ ತೆಗೆಯುವ ಪ್ರತಿಯೊಂದು ಅಂಕಿಯೂ ಹೊಸ ಟಾಸ್ಕ್ ಹಿಂದೆಂದೋ ಇಟ್ಟುಹೋದದ್ದು. ಅದರಲ್ಲಿ "ಎಲ್ಲಿಗೆ ಮರಳಬೇಕು" ಎಂಬ ವಿಳಾಸವೂ ಇರುತ್ತದೆ. ಹೀಗೆ ಈ ಬಾಗಿಲಿನೊಳಗೆ ಹೋಗುವ ಟಾಸ್ಕ್ ಒಂದು, ಅದೇ ಬಾಗಿಲಿನಿಂದ ಹೊರಬರುವ ಟಾಸ್ಕ್ ಇನ್ನೊಂದು. ಒಳಹೋದ ಟಾಸ್ಕ್ ಮುಂದೆಂದೋ ಯಾರೋ ತನ್ನನ್ನು ಆರಿಸಿದಾಗ ಹೊರಬರುತ್ತದೆ, ಅದರ ಪಾಲಿಗೆ ನಡುವೆ ಏನೂ ನಡೆದೇ ಇಲ್ಲ.

ಇಲ್ಲೊಂದು ತೊಡಕು ಉಳಿಯಿತು. ಆಗಷ್ಟೇ ಹುಟ್ಟಿದ ಟಾಸ್ಕ್ ಎಂದೂ ನಿಂತೇ ಇಲ್ಲ. ಅದರ ಸ್ಟ್ಯಾಕಿನಲ್ಲಿ ಚೀಟಿ ಎಲ್ಲಿಂದ ಬರಬೇಕು? ಕರ್ನಲ್ ಇದಕ್ಕೆ ಕಂಡುಕೊಂಡಿರುವ ಪರಿಹಾರ ನನಗೆ ಬಹಳ ಇಷ್ಟ. ಅದು ಹೊಸ ಟಾಸ್ಕ್‌ಗೆ ಒಂದು ಸುಳ್ಳು ಚೀಟಿ ಸಿದ್ಧಮಾಡಿ ಇಡುತ್ತದೆ, ಈ ಟಾಸ್ಕ್ ಹಿಂದೆ ನಡೆಯುತ್ತಿತ್ತು, ಇಂಥ ಜಾಗದಲ್ಲಿ ನಿಂತಿತ್ತು ಎಂಬಂತೆ. ಸರದಿ ಬಂದಾಗ ಬದಲಾವಣೆಯ ಕೋಡ್ ಹೊಸದು ಹಳೆಯದು ಎಂಬ ಭೇದವಿಲ್ಲದೆ ಎಂದಿನಂತೆ ಚೀಟಿ ಓದುತ್ತದೆ, ಹೊಸ ಟಾಸ್ಕ್ ಎಂದೂ ಬಿಟ್ಟಿರದ ಜಾಗದಿಂದ "ಮತ್ತೆ" ಆರಂಭವಾಗುತ್ತದೆ.

ಮೆಮೊರಿಯ ಮಾತು ಬಾಕಿಯಿತ್ತು. ಪ್ರತಿ ಟಾಸ್ಕ್‌ನ ಮೆಮೊರಿ ಎಲ್ಲಿದೆ ಎಂಬ ನಕ್ಷೆಯೊಂದು ಇರುತ್ತದೆ, ಬದಲಾವಣೆಯಲ್ಲಿ ಪ್ರೊಸೆಸರಿಗೆ ಹೊಸ ನಕ್ಷೆಯ ವಿಳಾಸ ಕೊಟ್ಟರಾಯಿತು. ಮೆಮೊರಿಯಲ್ಲಿರುವುದನ್ನು 1961ರ ಹಾಗೆ ಹೊತ್ತು ಸಾಗಿಸುವ ಅಗತ್ಯವಿಲ್ಲ.

ಬದಲಾವಣೆಗೆ ತಗಲುವ ಖರ್ಚು

ಇಷ್ಟೆಲ್ಲ ಸಾಮಾನ್ಯವಾಗಿ ಒಂದೆರಡು ಮೈಕ್ರೊಸೆಕೆಂಡಿನಲ್ಲಿ ಮುಗಿಯುತ್ತದೆ, ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದೆರಡು ಭಾಗ. ನಿಜವಾದ ಖರ್ಚು ಆಮೇಲೆ ಬರುತ್ತದೆ. ಪ್ರೊಸೆಸರ್ ಪದೇ ಪದೇ ಬೇಕಾಗುವ ಮಾಹಿತಿಯನ್ನು ತನ್ನ ಪಕ್ಕದ ಕ್ಯಾಶ್ ಎಂಬ ವೇಗದ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಅಲ್ಲಿಂದ ತರಲು ಒಂದು ನ್ಯಾನೊಸೆಕೆಂಡಿನ (ಮೈಕ್ರೊಸೆಕೆಂಡಿನ ಸಾವಿರದಲ್ಲಿ ಒಂದು ಭಾಗ) ಆಸುಪಾಸು ಸಾಕಾದರೆ ಮುಖ್ಯ ಮೆಮೊರಿಯಿಂದ ತರಲು ನೂರರ ಹತ್ತಿರ ಬೇಕು. ಹೊಸ ಟಾಸ್ಕ್ ಬಂದಾಗ ಕ್ಯಾಶ್‌ನಲ್ಲಿರುವುದು ಹಳೆಯವರ ಸಾಮಾನು. ಬೆಣ್ಣೆದೋಸೆ ಹೋಟೆಲಿನ ಕಾವಲಿ ಕಾಯುವವರೆಗೆ ಮೊದಲ ದೋಸೆ ಸರಿಯಾಗಿ ಏಳದ ಹಾಗೆ, ಹೊಸ ಟಾಸ್ಕ್ ಕೂಡ ಆರಂಭದಲ್ಲಿ ಮಂದವಾಗಿಯೇ ನಡೆಯುತ್ತದೆ. ಬಹಳ ಬೇಗ ಬೇಗ ಬದಲಿಸಿದರೆ ಎಲ್ಲರಿಗೂ ತಣ್ಣನೆಯ ಕಾವಲಿಯೇ ಸಿಗುತ್ತದೆ, ತಡಮಾಡಿ ಬದಲಿಸಿದರೆ ಮೌಸ್ ಅಲುಗಾಡಿಸಿದರೂ ಬಾಣದ ಗುರುತು ಕದಲುವುದಿಲ್ಲ.

ಯಾರ ಲೆಕ್ಕಕ್ಕೆ ಎಷ್ಟು ಹೊತ್ತು

ಎರಡನೆಯ ಲೆಕ್ಕ ಸಮಯದ್ದು. ಟೈಮರ್ ಒಂದೇ ಸಮನಾದ ಅಂತರದಲ್ಲಿ ಬಾರಿಸುವ ಗಂಟೆಗೆ ಟಿಕ್ ಎನ್ನುತ್ತಾರೆ. ಮೊದಲ ದಿನಗಳ ಲಿನಕ್ಸ್‌ನಲ್ಲಿ ಸೆಕೆಂಡಿಗೆ 100 ಟಿಕ್ ಇದ್ದವು. 2.6ನೆಯ ಆವೃತ್ತಿಯಲ್ಲಿ 1,000ಕ್ಕೆ ಏರಿಸಿ, 2005ರಲ್ಲಿ 250ನ್ನು ವಾಡಿಕೆಯ ಅಂಕಿಯಾಗಿ ಮಾಡಿದರು. ಯಂತ್ರ ಆರಂಭವಾದಾಗಿನಿಂದ ಎಷ್ಟು ಟಿಕ್ ಆದವು ಎಂಬ ಎಣಿಕೆಗೆ ಲಿನಕ್ಸ್‌ನಲ್ಲಿ ಜಿಫೀಸ್ ಎಂಬ ಹೆಸರಿದೆ.

ಹಳೆಯ ಲೆಕ್ಕದ ಕ್ರಮ ಬಹಳ ಸರಳವಾಗಿತ್ತು: ಟಿಕ್ ಆದ ಗಳಿಗೆಯಲ್ಲಿ ಪ್ರೊಸೆಸರಿನ ಮೇಲೆ ಯಾರಿದ್ದಾರೋ ಅವರ ಹೆಸರಿಗೆ ಒಂದು ಟಿಕ್ ಬರೆ. ದಿನಕ್ಕೆ ಮೂರು ಬಾರಿ ಬಂದು ಹಾಜರಿ ಹಾಕುವ ಮೇಸ್ತ್ರಿಯ ಪದ್ಧತಿಯಿದು. ಮೇಸ್ತ್ರಿ ಬರುವ ಹೊತ್ತು ಗೊತ್ತಿರುವ ಕೂಲಿಯಾಳು ಏನು ಮಾಡಬಹುದೋ ಟಾಸ್ಕ್ ಕೂಡ ಅದನ್ನೇ ಮಾಡಬಲ್ಲದು, ಮಾತ್ರ ತಲೆಕೆಳಗಾಗಿ. ಒಂದು ಟಿಕ್ ಆದೊಡನೆ ಕೆಲಸ ಆರಂಭಿಸಿ, ಮುಂದಿನ ಟಿಕ್‌ಗೆ ತುಸು ಮುಂಚೆ ನಿದ್ರೆಗೆ ಜಾರಿದರೆ, ಪ್ರೊಸೆಸರನ್ನು ಬಹುಪಾಲು ಬಳಸಿಯೂ ಅದರ ಖಾತೆಯಲ್ಲಿ ಸೊನ್ನೆ ಇರುತ್ತದೆ, ಆ ಟಿಕ್ ಗಳಿಗೆಯಲ್ಲಿ ಸಿಕ್ಕಿಬಿದ್ದ ಬೇರೊಂದು ಪಾಪದ ಟಾಸ್ಕ್‌ನ ಹೆಸರಿಗೆ ಖರ್ಚು ಬೀಳುತ್ತದೆ. ಇದು ಬರಿಯ ಊಹೆಯಲ್ಲ, ಹೀಗೆ ವಂಚಿಸಬಹುದೆಂದು ಸಂಶೋಧಕರು ಮಾಡಿ ತೋರಿಸಿದ್ದಾರೆ.

ಆದ್ದರಿಂದ ಇಂದಿನ ಲಿನಕ್ಸ್ ಸರದಿಯ ತೀರ್ಮಾನಕ್ಕೆ ಟಿಕ್‌ಗಳ ಎಣಿಕೆಯನ್ನು ನೆಚ್ಚಿಕೊಂಡಿಲ್ಲ. ಟಾಸ್ಕ್ ಪ್ರೊಸೆಸರಿಗೆ ಏರಿದಾಗ ನ್ಯಾನೊಸೆಕೆಂಡ್ ಲೆಕ್ಕದ ಗಡಿಯಾರವನ್ನು ಓದಿ ಬರೆದುಕೊಳ್ಳುತ್ತದೆ, ಇಳಿದಾಗ ಮತ್ತೆ ಓದುತ್ತದೆ, ವ್ಯತ್ಯಾಸವನ್ನು ಅದರ ಖಾತೆಗೆ ಸೇರಿಸುತ್ತದೆ. ಇದಕ್ಕೆ ಆಧಾರ ಪ್ರೊಸೆಸರಿನೊಳಗೇ ಓಡುವ ಒಂದು ಎಣಿಕೆಯಂತ್ರ. ಇಂಟೆಲ್‌ನಲ್ಲಿ ಅದು 1993ರ ಪೆಂಟಿಯಂನೊಂದಿಗೆ ಬಂತು. ಮೊದಮೊದಲು ಪ್ರೊಸೆಸರಿನ ವೇಗ ಬದಲಾದರೆ ಈ ಎಣಿಕೆಯ ವೇಗವೂ ಬದಲಾಗುತ್ತಿದ್ದುದರಿಂದ ಅದನ್ನು ಗಡಿಯಾರವಾಗಿ ನಂಬುವುದು ಕಷ್ಟವಾಗಿತ್ತು, ಈಚಿನ ಪ್ರೊಸೆಸರ್‌ಗಳಲ್ಲಿ ಆ ತೊಂದರೆ ನಿವಾರಣೆಯಾಗಿದೆ.

ಒಟ್ಟು ಸಮಯವನ್ನು ಎರಡಾಗಿ ಒಡೆದೂ ತೋರಿಸುತ್ತಾರೆ: ಟಾಸ್ಕ್ ತನ್ನ ಸ್ವಂತ ಕೋಡನ್ನು ನಡೆಸಿದ ಹೊತ್ತು, ಮತ್ತು ಅದರ ಪರವಾಗಿ ಕರ್ನಲ್ ದುಡಿದ ಹೊತ್ತು. ಲಿನಕ್ಸ್‌ನಲ್ಲಿ ಟೈಮ್ ಎಂಬ ಆಜ್ಞೆ ಕೊಟ್ಟರೆ ಇವೆರಡರ ಜೊತೆಗೆ ಗೋಡೆ ಗಡಿಯಾರದ ಹೊತ್ತೂ ಸೇರಿ ಮೂರು ಅಂಕಿ ಕಾಣುತ್ತವೆ. ಗೋಡೆಯ ಪ್ರಕಾರ ಒಂದು ಗಂಟೆ, ಉಳಿದೆರಡು ಸೇರಿ ಎಂಟು ನಿಮಿಷ ಎಂದು ಬಂದರೆ ಗಾಬರಿಯಾಗಬೇಕಿಲ್ಲ. ಅಂಗಡಿಯಲ್ಲಿ ಒಂದು ಗಂಟೆ ಕಾದಿರಿ, ನಿಮ್ಮ ಅರ್ಜಿಗೆ ಹುಡುಗ ಎಂಟು ನಿಮಿಷ ಕೆಲಸ ಮಾಡಿದ ಎಂದಷ್ಟೇ ಅದರ ಅರ್ಥ. ಹಲವು ಕೋರ್‌ಗಳನ್ನು ಬಳಸುವ ಕೆಲಸದಲ್ಲಿ ಇದು ತಿರುಗುಮುರುಗಾಗಿ, ದುಡಿದ ಹೊತ್ತು ಗೋಡೆಯ ಹೊತ್ತಿಗಿಂತ ಹೆಚ್ಚೂ ಆಗಬಹುದು, ನಾಲ್ಕು ಆಳು ಒಂದು ದಿನ ದುಡಿದರೆ ನಾಲ್ಕಾಳಿನ ಕೂಲಿ ಆದಂತೆ.

ನಾಲೆಯ ನೀರಿನ ಹಾಗೆ

ಈ ಖಾತೆಯನ್ನು ಮುಖ್ಯವಾಗಿ ಬಳಸುವುದು ಶೆಡ್ಯೂಲರ್, ಅಂದರೆ ಮುಂದಿನ ಸರದಿ ಯಾರದ್ದೆಂದು ತೀರ್ಮಾನಿಸುವ ಕರ್ನಲ್‌ನ ಭಾಗ. ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ಬೇಸಾಯ ಮಾಡುವವರಿಗೆ ಇದರ ಸಮಸ್ಯೆಯನ್ನು ವಿವರಿಸಬೇಕಾದ್ದೇ ಇಲ್ಲ. ಮೇಲಿನವರು ತೂಬು ಎತ್ತಿಕೊಂಡರೆ ಕೊನೆ ಭಾಗದ ಗದ್ದೆಗೆ ನೀರು ಬರುವುದಿಲ್ಲ. ನ್ಯಾಯವಾಗಿ ಹಂಚಬೇಕೆಂದರೆ ನೀರುಗಂಟಿ ಯಾರು ಎಷ್ಟು ಪಡೆದರು ಎಂದು ಬರೆದಿಟ್ಟು, ಈವರೆಗೆ ಎಲ್ಲರಿಗಿಂತ ಕಡಿಮೆ ಪಡೆದವರಿಗೆ ಮುಂದಿನ ಪಾಳಿ ಕೊಡಬೇಕು.

ಇಂಗೊ ಮೋಲ್ನಾರ್ ಬರೆದು 2007ರಲ್ಲಿ ಲಿನಕ್ಸ್‌ಗೆ ಸೇರಿದ ಶೆಡ್ಯೂಲರ್ ಇದನ್ನೇ ಮಾಡಿತು. ಪ್ರತಿ ಟಾಸ್ಕ್‌ಗೂ ಒಂದು ತೋರಿಕೆಯ ಓಟದ ಸಮಯ ಇಟ್ಟು, ಅದು ಯಾರದ್ದು ಅತಿ ಕಡಿಮೆಯೋ ಅವರನ್ನು ಆರಿಸಿತು. ತೋರಿಕೆಯ ಸಮಯ ಏಕೆಂದರೆ ಎಲ್ಲರ ಜಮೀನೂ ಒಂದೇ ಅಳತೆಯದಲ್ಲ. ಎಕರೆ ಹೆಚ್ಚಿದ್ದವರಿಗೆ ನೀರು ಹೆಚ್ಚು ಬೇಕಾಗುವಂತೆ ಇಲ್ಲಿ ಪ್ರತಿ ಟಾಸ್ಕ್‌ಗೂ ಒಂದು ತೂಕವಿದೆ. ಸಾಮಾನ್ಯ ಟಾಸ್ಕ್‌ನ ತೂಕ 1,024, ಐದು ಮೆಟ್ಟಿಲು ಕೆಳಗಿನ ಆದ್ಯತೆಯದಕ್ಕೆ 335. ಕಡಿಮೆ ತೂಕದ ಈ ಟಾಸ್ಕ್ 10 ಮಿಲಿಸೆಕೆಂಡ್ ಓಡಿದರೆ ಅದರ ಖಾತೆಯಲ್ಲಿ ಸುಮಾರು 30 ಎಂದು ಬರೆಯಲಾಗುತ್ತದೆ. ಗಡಿಯಾರವೇ ಅದರ ಪಾಲಿಗೆ ಮೂರು ಪಟ್ಟು ಬೇಗ ಓಡುವುದರಿಂದ ಸರದಿ ತಡವಾಗಿ ಬರುತ್ತದೆ.

ಬಹಳ ಹೊತ್ತು ಮಲಗಿದ್ದ ಟಾಸ್ಕ್ ಎದ್ದು ಬಂದರೆ? ಅದರ ಖಾತೆ ಹಳೆಯ ಸಣ್ಣ ಅಂಕಿಯಲ್ಲೇ ನಿಂತಿರುತ್ತದೆ. ತಿಂಗಳಿಡೀ ಬೆಂಗಳೂರಿನಲ್ಲಿದ್ದು ಬಂದವರು ಬಾಕಿ ನೀರನ್ನೆಲ್ಲ ಇವತ್ತೇ ಬಿಡಿ ಎಂದರೆ ಒಪ್ಪಲಾಗದಂತೆ, ಕರ್ನಲ್ ಕೂಡ ಅಂಥ ಟಾಸ್ಕ್‌ನ ಖಾತೆಯನ್ನು ಉಳಿದವರ ಸನಿಹಕ್ಕೆ ತಂದು ನಿಲ್ಲಿಸಿ ಮುಂದುವರಿಯುತ್ತದೆ. 2023ರ 6.6ನೆಯ ಆವೃತ್ತಿಯಿಂದ ಈ ಶೆಡ್ಯೂಲರಿನ ಜಾಗಕ್ಕೆ ಪೀಟರ್ ಜೈಲ್ಸ್ಟ್ರಾ ಅವರ ಕೆಲಸ ಬರತೊಡಗಿತು. ಅದರಲ್ಲಿ ಪಾಲಿನ ಜೊತೆಗೆ ಗಡುವಿನ ಲೆಕ್ಕವೂ ಸೇರಿದೆ, ಪಾಲು ಬಾಕಿಯಿರುವವರಲ್ಲಿ ಯಾರ ಗಡುವು ಹತ್ತಿರವೋ ಅವರು ಮೊದಲು.

ಗೋಡೆಯ ಗಡಿಯಾರವನ್ನು ಏಕೆ ಬಳಸುವುದಿಲ್ಲ

ಓಡಿದ ಹೊತ್ತನ್ನು ಅಳೆಯಲು ನಾವು ನೋಡುವ ಗಂಟೆ ನಿಮಿಷವನ್ನೇ ಬಳಸಬಹುದಲ್ಲ ಎನಿಸಬಹುದು. ಆ ಗಡಿಯಾರವನ್ನು ಹಿಂದೆ ಮುಂದೆ ತಿರುಗಿಸಬಹುದು ಎಂಬುದೇ ತೊಂದರೆ. ಬಳಕೆದಾರರು ತಿದ್ದಬಹುದು, ನೆಟ್‌ವರ್ಕ್ ಮೂಲಕ ತಾನಾಗಿ ತಿದ್ದಿಕೊಳ್ಳಬಹುದು. ಲೆಕ್ಕದ ನಡುವೆ ಗಡಿಯಾರ ಹಿಂದೆ ಸರಿದರೆ ಟಾಸ್ಕ್ ಓಡಿದ ಸಮಯ ಸೊನ್ನೆಗಿಂತ ಕಡಿಮೆ ಎಂದಾಗುತ್ತದೆ. ಆದ್ದರಿಂದ ಕರ್ನಲ್ ಎಂದೂ ಹಿಂದಕ್ಕೆ ಹೋಗದ ಇನ್ನೊಂದು ಗಡಿಯಾರವನ್ನು ಪ್ರತ್ಯೇಕವಾಗಿ ಇಟ್ಟುಕೊಂಡಿದೆ.

ಎರಡರ ನಡುವಿನ ಹೊಂದಾಣಿಕೆ ತಪ್ಪಿದರೆ ಏನಾಗುತ್ತದೆಂದು 2012ರಲ್ಲಿ ಕಂಡಿತು. ಭೂಮಿಯ ಸುತ್ತಿಗೆ ಸರಿಹೊಂದಿಸಲು ಆ ವರ್ಷದ ಜೂನ್ 30ಕ್ಕೆ ಒಂದು ಅಧಿಕ ಸೆಕೆಂಡ್ ಸೇರಿಸಿದರು, ನಮ್ಮಲ್ಲಿ ಆಗ ಜುಲೈ 1ರ ಬೆಳಗಿನ 5.30. ಲಿನಕ್ಸ್‌ನ ಗಡಿಯಾರ ಒಂದು ಸೆಕೆಂಡ್ ಸರಿದದ್ದು ಅದರ ಟೈಮರ್ ಭಾಗಕ್ಕೆ ತಿಳಿಯಲಿಲ್ಲ. ಟೈಮರ್‌ಗಳು ಹೊತ್ತಿಗೆ ಮುಂಚೆಯೇ ಬಾರಿಸಿ, ಕಾಯುತ್ತಿದ್ದ ಟಾಸ್ಕ್‌ಗಳು ಎದ್ದು, ಇನ್ನೂ ಹೊತ್ತಾಗಿಲ್ಲವೆಂದು ಮಲಗಿ, ಮರುಕ್ಷಣವೇ ಎದ್ದು, ಹಲವು ಸರ್ವರ್‌ಗಳು ಏನೂ ಕೆಲಸ ಮಾಡದೆ ಪೂರ್ತಿ ಪ್ರೊಸೆಸರನ್ನು ಬಳಸಿದವು.

ಎಣಿಕೆಯ ಗೂಡು ತುಂಬಿಹೋಗುವುದು ಇನ್ನೊಂದು ಅಪಾಯ. 32 ಬಿಟ್‌ನ ಗೂಡಿನಲ್ಲಿ ಸೆಕೆಂಡಿಗೆ 1,000ದಂತೆ ಎಣಿಸಿದರೆ 49.7 ದಿನಕ್ಕೆ ತುಂಬಿ ಸೊನ್ನೆಗೆ ಮರಳುತ್ತದೆ. ವಿಂಡೋಸ್ 95 ಮತ್ತು 98 ಅಷ್ಟು ದಿನ ಬಿಡದೆ ನಡೆದರೆ ನಿಂತುಹೋಗುವ ದೋಷ ಇದರಿಂದಲೇ ಇತ್ತು. ಅಪರೂಪಕ್ಕೆ ಬರುವ ಇಂಥ ಗಳಿಗೆ ಬೇಗ ಬಂದು ದೋಷ ಬಯಲಾಗಲಿ ಎಂದು ಲಿನಕ್ಸ್ ತನ್ನ 32 ಬಿಟ್ ಜಿಫೀಸ್ ಎಣಿಕೆಯನ್ನು ಸೊನ್ನೆಯಿಂದ ಆರಂಭಿಸದೆ, ಯಂತ್ರ ಹೊತ್ತಿಸಿದ ಐದೇ ನಿಮಿಷಕ್ಕೆ ತುಂಬುವಂತೆ ಬೇಕೆಂದೇ ಮುಂದಿನ ಅಂಕಿಯಿಂದ ಆರಂಭಿಸುತ್ತದೆ. 1970ರಿಂದ ಸೆಕೆಂಡ್‌ಗಳನ್ನು ಎಣಿಸುವ ಹಳೆಯ 32 ಬಿಟ್ ಗೂಡು ತುಂಬುವುದು 2038ರ ಜನವರಿ 19ರಂದು, ನಮ್ಮ ಬೆಳಗಿನ 8 ಗಂಟೆ 44 ನಿಮಿಷ 7 ಸೆಕೆಂಡಿಗೆ.

ಫೋನಿನ ವಿಷಯದಲ್ಲಿ ಇನ್ನೊಂದು ಮಾತು. ಮಾಡಲು ಕೆಲಸವೇ ಇಲ್ಲದಾಗಲೂ ಸೆಕೆಂಡಿಗೆ ನೂರಾರು ಬಾರಿ ಗಂಟೆ ಬಾರಿಸಿ ಪ್ರೊಸೆಸರನ್ನು ಎಬ್ಬಿಸಿದರೆ ಬ್ಯಾಟರಿ ವ್ಯರ್ಥ. ಆದ್ದರಿಂದ 2007ರ ಹೊತ್ತಿನಿಂದ ಲಿನಕ್ಸ್, ಬಿಡುವಿರುವ ಕೋರ್‌ನಲ್ಲಿ ಟಿಕ್ ನಿಲ್ಲಿಸಿ, ಮುಂದಿನ ನಿಜವಾದ ಕೆಲಸದ ಹೊತ್ತಿಗೆ ಒಂದು ಅಲಾರಂ ಇಟ್ಟು ಮಲಗುತ್ತದೆ.

ಫೋನಿನ ಅಂಕಿ, ಕಳೆದುಹೋದ ಅರ್ಜಿ

ಈಗ ಮೊದಲಿನ ಎರಡು ಪ್ರಶ್ನೆಗಳಿಗೆ ಮರಳಬಹುದು. ಮಗ ಒಂದು ಆ್ಯಪನ್ನು ಎರಡು ಗಂಟೆ ನೋಡಿದ ಎಂದು ಫೋನು ಹೇಳಿದರೆ ಅದು ಕರ್ನಲ್‌ನ ಲೆಕ್ಕವಲ್ಲ. ಆ್ಯಪ್ ತೆರೆಯ ಮುಂದೆ ಬಂದದ್ದು ಮತ್ತು ಹಿಂದೆ ಸರಿದದ್ದು ಯಾವಾಗ ಎಂದು ಆಂಡ್ರಾಯ್ಡ್ ಬರೆದಿಟ್ಟುಕೊಂಡ ಹೊತ್ತು ಅದು. ಆ ಎರಡು ಗಂಟೆಯಲ್ಲಿ ಪ್ರೊಸೆಸರ್ ನಿಜಕ್ಕೂ ದುಡಿದದ್ದು ಕೆಲವೇ ನಿಮಿಷ ಇರಬಹುದು. ಬ್ಯಾಟರಿಯ ಅಂದಾಜಿಗೆ ಮಾತ್ರ ಕರ್ನಲ್‌ನ ಖಾತೆಯಿಂದ ಬರುವ ಪ್ರೊಸೆಸರ್ ಸಮಯವೂ ಸೇರುತ್ತದೆ. ತೆರೆಯ ಮೇಲೆ ಕಾಣದ ಆ್ಯಪ್ ಬ್ಯಾಟರಿ ಪಟ್ಟಿಯಲ್ಲಿ ಮೇಲೆ ಕಾಣುವುದು ಇದರಿಂದಲೇ.

ಅರ್ಜಿ ಏಕೆ ಹೋಯಿತು? ಕರ್ನಲ್ ಬರೆದಿಡುವ ಚೀಟಿ, ಸ್ಟ್ಯಾಕ್, ಆ್ಯಪ್‌ನ ಮೆಮೊರಿ ಎಲ್ಲವೂ ಇರುವುದು ರ್‍ಯಾಮ್‌ನಲ್ಲಿ. ಸರದಿ ಬದಲಾದರೆ ಒಂದಕ್ಷರವೂ ಕಳೆಯದಂತೆ ಅದು ಕಾಯುತ್ತದೆ. ಆದರೆ ವಿದ್ಯುತ್ ಹೋದರೆ ರ್‍ಯಾಮ್ ಅಳಿಸಿಹೋಗುತ್ತದೆ. ಹತ್ತಾರು ಟ್ಯಾಬ್ ತೆರೆದು ಮೆಮೊರಿ ಸಾಲದಾದಾಗ ಬ್ರೌಸರ್ ತಾನೇ ಹಳೆಯ ಟ್ಯಾಬ್‌ಗಳ ಮೆಮೊರಿಯನ್ನು ಬಿಟ್ಟುಕೊಡುತ್ತದೆ, ಅದೂ ಸಾಲದಿದ್ದರೆ ಲಿನಕ್ಸ್ ಕರ್ನಲ್ ಯಾವುದಾದರೊಂದು ಟಾಸ್ಕನ್ನು ಆರಿಸಿ ಕೊನೆಗಾಣಿಸುತ್ತದೆ. ಆಗ ಕಡತವೇ ಮುಚ್ಚುವುದರಿಂದ ಮರಳಲು ಚೀಟಿ ಉಳಿಯುವುದಿಲ್ಲ, ಕೊನೆಯದಾಗಿ ಏನನ್ನಾದರೂ ಉಳಿಸಿಕೊಳ್ಳಲು ಆ ಟಾಸ್ಕ್‌ಗೆ ಅವಕಾಶವೂ ಇರುವುದಿಲ್ಲ. ಕಾಲಂನಲ್ಲಿ ಬರೆದ ಅಂಕಗಳು ಡಿಸ್ಕಿಗೋ ದೂರದ ಸರ್ವರಿಗೋ ತಲುಪಬೇಕಾದರೆ ಅದನ್ನು ಬ್ರೌಸರ್ ಅಥವಾ ಜಾಲತಾಣವೇ ಮಾಡಬೇಕು, ಕರ್ನಲ್‌ಗೆ ಆ ಕಾಲಂನ ಅರ್ಥ ತಿಳಿಯದು. ಅಂದು ಆ ತಂದೆಯ ಮುಂದೆ ತೆರೆದಿದ್ದ ಪುಟದಲ್ಲಿ "ಕರಡು ಉಳಿಸಿ" ಎಂಬ ಗುಂಡಿ ಎರಡನೆಯ ಹಂತದ ಕೊನೆಯಲ್ಲಿತ್ತು, ಮಗಳ ಅರ್ಜಿ ಇನ್ನೂ ಮೊದಲನೆಯ ಹಂತದಲ್ಲಿತ್ತು.